ಆರದ ಟ್ರಾನ್ಸಿಸ್ಟರ್

ಆಂಪ್ಲಿಫೈಯರ್ ರಿಪೇರಿಯಲ್ಲೇ ಅರ್ಧ ಆಯಸ್ಸು ಕಳೆದವನು ನಾನು. ಯಾವುದು ಯಾಕೆ ಬಿಸಿಯಾಗುತ್ತದೆ, ಹೇಗೆ ಆರುತ್ತದೆ ಎಂಬುದು ಗೊತ್ತು ಎಂದುಕೊಂಡಿದ್ದೆ.

ಅಕ್ಕನ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ, ಅವಳು ಮೈಕ್ ಹಚ್ಚಿ ಹಾಡುತ್ತಿದ್ದ ಆಂಪ್ಲಿಫೈಯರೂ ಮೂಕವಾಯಿತು. ಒಂದು ಮಧ್ಯಾಹ್ನ ಅಕ್ಕ ಅದನ್ನು ನನ್ನ ಅಂಗಡಿಗೆ ಹೊತ್ತು ತಂದಳು. "ಇದಾದ್ರೂ ಬದುಕಲಿ ಕಣೋ," ಎಂದಳು.

ಬಿಚ್ಚಿ ನೋಡಿದೆ. ಸ್ಪೀಕರಿಗೆ ಶಕ್ತಿ ತುಂಬುವ ಪವರ್ ಟ್ರಾನ್ಸಿಸ್ಟರ್ ಸುಟ್ಟುಹೋಗಿತ್ತು. ಅದನ್ನು ಕಿತ್ತು ಮೇಜಿನ ಮೇಲಿಟ್ಟು ಹೊಸದನ್ನು ಕೂರಿಸಿದೆ. ಪೆಟ್ಟಿಗೆ ಮತ್ತೆ ಮಾತಾಡಿತು. ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ಹಳೆಯ ಟ್ರಾನ್ಸಿಸ್ಟರ್ ಮೇಲೆ ಬೆರಳಿಟ್ಟು ಕೂತಿದ್ದಳು.

"ಇದು ಸುಡ್ತಿದೆಯಲ್ಲೋ."

"ಬೆಸುಗೆ ಬಿಡಿಸಿದ ಕಾವು ಅಕ್ಕಾ, ಈಗ ಆರುತ್ತೆ."

ಚಹಾ ಕುಡಿದು ಮುಗಿಸಿದರೂ ಆರಲಿಲ್ಲ. ತಂತಿಯಿಲ್ಲ, ಕರೆಂಟಿಲ್ಲ. ನೀರಿನ ಬಟ್ಟಲಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ನೀರೇ ಬೆಚ್ಚಗಾಯಿತು.

"ಜ್ವರ ಇನ್ನೂ ಬಿಟ್ಟಿಲ್ಲ," ಎಂದು ಅಕ್ಕ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು.

"ಬಿಸಾಕು ಅಕ್ಕಾ ಅದನ್ನ."

"ಮಗೂನ ಯಾರಾದ್ರೂ ಬಿಸಾಕ್ತಾರೇನೋ?"

ಆಮೇಲೆ ಅವಳ ಮನೆಗೆ ಹೋದಾಗಲೆಲ್ಲ ಕಾಣುವುದು ಒಂದೇ. ದಿಂಬಿನ ಮೇಲೆ ಆ ಲೋಹದ ಚೂರು, ಅದರ ಮೇಲೆ ಒದ್ದೆ ಬಟ್ಟೆ. ಬಟ್ಟೆ ಒಣಗುತ್ತದೆ, ಅಕ್ಕ ಮತ್ತೆ ಅದ್ದಿ ಹಿಂಡಿ ಹಾಕುತ್ತಾಳೆ. "ನೀನಾದ್ರೂ ಹೇಳಪ್ಪಾ, ನನ್ನ ಮಾತು ಅವಳ ಕಿವಿಗೇ ಬೀಳಲ್ಲ," ಎನ್ನುತ್ತಾರೆ ಭಾವ. ನಿನ್ನೆ ನಾನು ಮುಟ್ಟಿದಾಗಲೂ ಅದು ಸುಡುತ್ತಿತ್ತು.

ಹೊರಡುವಾಗ ಅಕ್ಕನ ಕೈ ಹಿಡಿದೆ. ಕಲ್ಲಿನಂತೆ ತಣ್ಣಗಿತ್ತು. ನನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ಉಜ್ಜಿದೆ. ಬೆಚ್ಚಗಾಗಲೇ ಇಲ್ಲ.