ಇನ್ನೂರ ಹನ್ನೆರಡನೆಯ ಹೊಲ

೧೯೭೪ರಲ್ಲಿ ನಾನು ನವಲಗುಂದದ ಹತ್ತಿರದ ಹಳ್ಳಿಯೊಂದರ ತಲಾಟಿ. ಊರ ಹೊಲಗಳ ದಫ್ತರಕ್ಕೆ ಗೆದ್ದಲು ಹಿಡಿದಿತ್ತು, ಪೂರ್ತಿ ಹೊಸದಾಗಿ ಬರೆದೆ. ಹಳೆಯದೂ ಹೊಸದೂ ಸಾಲುಸಾಲಾಗಿ ತಾಳೆಯಾದ ಮೇಲೆಯೇ ಹಳೆಯದನ್ನು ಮುಚ್ಚಬೇಕೆಂಬುದು ನಿಯಮ. ನಕಾಶೆಯಲ್ಲಿದ್ದದ್ದು ಇನ್ನೂರ ಹನ್ನೊಂದು ಹೊಲ.

ಮೂರು ದಿನ ಮಧ್ಯಾಹ್ನ ಚಾವಡಿಯಲ್ಲಿ ಕಾರಕೂನ ಪಂಢರಿನಾಥರು ಹಳೆಯದನ್ನು ಓದುತ್ತಿದ್ದರು, ನಾನು ಹೊಸದರಲ್ಲಿ ಗುರುತು ಹಾಕುತ್ತಿದ್ದೆ. ಮೂರು ದಿನವೂ ಕೊನೆಗೆ, "ಇನ್ನೂರ ಹನ್ನೆರಡು, ಫಕೀರವ್ವ" ಎಂದು ಓದಿದರು. ಏಪ್ರಿಲ್ ಬಿಸಿಲಲ್ಲೂ ಆ ಸಾಲಿನ ಮಸಿ ಹಸಿಯಾಗಿತ್ತು. ಮುಟ್ಟಿದರೆ ಬೆರಳು ತಣ್ಣಗಾಗುತ್ತಿತ್ತು.

"ನಕಾಶೆದಾಗ ಇಲ್ಲದ ಹೊಲಾ ಹ್ಯಾಂಗ ಬರೀಲ್ರಿ? ಬಿಟ್ಟು ಮುಚ್ಚೂಣು" ಎಂದೆ.

"ಒಂದ ಸಾಲು ಬಿಟ್ರೂ ತಾಳೆ ಆಗೂದಿಲ್ರಿ. ನಾಕು ದಿನ ತಡೀರಿ."

ತಡೆಯಲಿಲ್ಲ. ಅಂದೇ ಆ ಸಾಲು ಬಿಟ್ಟು ಹೊಸದಕ್ಕೆ ಸಹಿ ಹಾಕಿ, ಹಳೆಯದನ್ನು ಕಟ್ಟಿ ಅರಗಿನ ಮೊಹರು ಒತ್ತಿದೆ.

ಮರುದಿನ ಮುದುಕಿಯೊಬ್ಬಳು ಬಂದಳು. "ನಾ ಫಕೀರವ್ವರಿ. ನನ್ನ ಹೊಲದ ಉತಾರ ಕೊಡ್ರಿ."

ಹೊಸ ದಫ್ತರ ತೆರೆದೆ. ನನ್ನ ಸಹಿಯ ಮೇಲ್ಗಡೆಯೇ ಆ ಸಾಲಿತ್ತು, ನನ್ನದೇ ಅಕ್ಷರ, ಹಸಿ ಮಸಿ. ಆ ಸಾಲನ್ನೇ ನಕಲು ಮಾಡಿ ಉತಾರ ಬರೆದುಕೊಟ್ಟೆ.

ಆಮೇಲೆ ಸರಪಳಿ ಹಿಡಿಸಿ ಊರ ಹೊಲಗಳನ್ನೆಲ್ಲ ಅಳೆಸಿದೆ. ಇನ್ನೂರ ಹನ್ನೊಂದೇ.

ಫಾಲ್ಗುಣದಲ್ಲಿ ಆಕೆ ಮತ್ತೆ ಬಂದು, ತನ್ನ ಹೊಲದ್ದೆಂದು ಒಂದು ಉಡಿ ಹತ್ತಿ ನನ್ನ ಮೇಜಿನ ಮೇಲೆ ಸುರಿದು ಹೋದಳು. ಹತ್ತಿ ಒದ್ದೆಯಾಗಿ ತಣ್ಣಗಿತ್ತು.