ಬೆಂದ ಟೇಪು, ಬೇಯದ ಚೀಲ

ಆ ದಿನ ಬೆಳಿಗ್ಗೆ ಮಂಜು ಕವಿದಿತ್ತು. ಗಾಳಿ ಸುಳಿಯುತ್ತಿರಲಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಿಂದಿನ ಕಸದಂಗಳದಲ್ಲಿ ವಾಸನೆ ನಿಂತಲ್ಲೇ ನಿಂತಿತ್ತು, ಹೋಗೆಂದರೂ ಹೋಗದ ನೆಂಟನಂತೆ.

ಸುರಕ್ಷಾಧಿಕಾರಿಗೆ ಮೂಗೇ ಅರ್ಧ ವಿಷಯ ಹೇಳಿತು. ಬೆಂದ ಕಸಕ್ಕೆ ಒಂದು ವಾಸನೆ, ಹಸಿ ಕಸಕ್ಕೆ ಇನ್ನೊಂದು. ಇದು ಹಸಿ.

ಇಡೀ ಕಟ್ಟಡ ಅವರನ್ನು ಬೇಡಕ್ಕ ಎನ್ನುತ್ತಿತ್ತು. ಒಳಗೆ ತಿನ್ನಬೇಡ, ಕೈಗವಸಿನಲ್ಲಿ ಲಿಫ್ಟಿನ ಗುಂಡಿ ಒತ್ತಬೇಡ, ಬಾಗಿಲಿಗೆ ಕುರ್ಚಿ ಅಡ್ಡ ಇಡಬೇಡ. ಹತ್ತೊಂಬತ್ತು ವರ್ಷದಿಂದ ಇದೇ ಮಾತು. ದೇವರ ಮುಂದೆ ಹೇಳಿಕೊಂಡ ಹಾಗೆ, ಕೇಳಿಸಿಕೊಂಡವರು ಯಾರೂ ತಿರುಗಿ ಉತ್ತರ ಕೊಡುತ್ತಿರಲಿಲ್ಲ.

ಮುಂದೆ ಬಿದ್ದಿದ್ದು ಒಂದು ಕೆಂಪು ಚೀಲ. ನಿನ್ನೆ ಅದನ್ನು ಎತ್ತುವಾಗ ಒಡೆದ ಗಾಜು ಕೈಗವಸು ತೂರಿ ಕಸದ ಗಾಡಿಯವಳ ಬೆರಳಿಗೆ ಚುಚ್ಚಿತ್ತು. ಬೆಳಗಾಗುವ ಹೊತ್ತಿಗೆ ತೋಳು ಊದಿ, ಅವಳು ಆಸ್ಪತ್ರೆ ಸೇರಿದ್ದಳು.

ಬೇಡಕ್ಕ ಚಿಮಟದಿಂದ ಚೀಲ ಬಿಡಿಸಿದರು. ಒಳಗೆ ಕ್ರಿಮಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆಗಳು. ತಟ್ಟೆಗಳ ತುಂಬ ಹಳದಿ ಚುಕ್ಕೆಗಳು. ಜೀವಂತವಾಗಿದ್ದವು. ತಟ್ಟೆಯ ಮೇಲಿನ ಬರಹ ಮಾತ್ರ ನೀರು ಕುಡಿದು ಅಳಿಸಿಹೋಗಿತ್ತು.

ಚೀಲದ ಬಾಯಿಗೆ ಟೇಪು ಅಂಟಿತ್ತು. ಅದರ ಗೆರೆಗಳು ಕಪ್ಪಾಗಿದ್ದವು.

ಆ ಟೇಪಿನ ಗುಣವೇ ಅದು. ಹಸಿಯಾಗಿದ್ದಾಗ ಗೆರೆ ಬಿಳಿಚಿಕೊಂಡಿರುತ್ತದೆ. ಹಬೆಯಲ್ಲಿ ಬೆಂದರೆ ಕಪ್ಪಾಗುತ್ತದೆ. ಕಪ್ಪು ಗೆರೆಯ ಚೀಲ ಮಾತ್ರ ಹೊರಗೆ ಹೋಗಬೇಕು. ನಿಯಮ ಬರೆದವರು, ಹೊರಡುವ ಚೀಲಕ್ಕೆ ಸಹಿ ಹಾಕುವವರು ಬೇಡಕ್ಕನೇ.

"ಅಕ್ಕಾ, ಇದು ನನ್ನ ಕೈಗೆ ಬಂದ ಚೀಲ ಅಲ್ಲ," ಎಂದ ಹಿಂದೆ ನಿಂತಿದ್ದ ಕುಕ್ಕರಣ್ಣ. ಎಲ್ಲರೂ ಕುಕ್ಕರ್ ಎನ್ನುವ, ಕಸ ಬೇಯಿಸುವ ದೊಡ್ಡ ಹಬೆಯಂತ್ರ ಅವನ ಸುಪರ್ದಿ. ಬೆರಳಿಗೆ ಚುಚ್ಚಿಸಿಕೊಂಡವಳು ಅವನ ಸ್ವಂತ ತಂಗಿ.

* * *

ಆಡಳಿತಾಧಿಕಾರಿಗೆ ಐದು ನಿಮಿಷ ಸಾಕಾಯಿತು.

"ಗೆರೆ ಕಪ್ಪಾಗಿದೆ. ಅಂದ್ರೆ ಕುಕ್ಕರಿಗೆ ಹೋಗಿದೆ. ಕ್ರಿಮಿ ಬದುಕಿದೆ. ಅಂದ್ರೆ ಇವನು ಅರ್ಧಂಬರ್ಧ ಬೇಯಿಸಿದ್ದಾನೆ. ಇದಕ್ಕೆ ಪತ್ತೇದಾರಿ ಬೇರೆ ಬೇಕಾ?"

"ಸಾರ್, ಸ್ವಲ್ಪ ತಾಳಿ," ಎಂದರು ಬೇಡಕ್ಕ.

"ನೀವು ಬೇಡ ಅಂತೀರಿ ಅಂತ ಗೊತ್ತಿತ್ತು. ಏಯ್, ಕೀಲಿ ಕೊಡು."

ಇಡೀ ಕಾರಿಡಾರಿಗೆ ಕೇಳುವಂತೆ ಹೇಳಿದರು. ಕುಕ್ಕರಣ್ಣ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಕೊಟ್ಟ. ಅಮಾನತು ಪತ್ರ ಆಗಲೇ ಟೈಪಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೆ ನಮ್ಮಲ್ಲಿ ಕಬ್ಬಿಣ ಸದಾ ಕಾದೇ ಇರುತ್ತದೆ.

"ಕೀಲಿ ಹೋಗ್ಲಿ ಅಕ್ಕಾ," ಎಂದ ಅವನು. "ಆ ಚೀಲದಲ್ಲಿ ಏನಿತ್ತು ಅಂತ ಕೇಳಿ. ಡಾಕ್ಟರು ಅದನ್ನೇ ಕೇಳ್ತಿದಾರೆ."

ನಿಜ. ಬೇಡಕ್ಕ ಫೋನು ಮಾಡಿದಾಗ ವೈದ್ಯೆ ಬೇಸರದಲ್ಲೇ ಹೇಳಿದರು. "ನಿಮ್ಮಲ್ಲಿ ಔಷಧಿಗೆ ಬಗ್ಗದ ತಳಿಗಳೂ ಇವೆಯಂತೆ. ಯಾವ ತಳಿ ಹೇಳಿ. ನಮ್ಮ ಪರೀಕ್ಷೆಗೆ ಎರಡು ದಿನ ಬೇಕು, ಆ ಕೈ ಅಷ್ಟು ಕಾಯಲ್ಲ. ಮಧ್ಯಾಹ್ನದೊಳಗೆ ತಿಳಿಸಿ."

ಗಂಟೆ ಒಂಬತ್ತೂವರೆ.

* * *

ಟೇಪಿನ ಮೇಲೆ 'ಮೂರನೇ ಮಹಡಿ' ಎಂದು ಬರೆದಿತ್ತು. ಅಲ್ಲಿನ ಮೇಷ್ಟ್ರು ಊರಲ್ಲಿರಲಿಲ್ಲ. ಬೇರೆ ಕಡೆ ಭಾಷಣಕ್ಕೆ ಹೋಗಿದ್ದರು. ವಿಷಯ, ಪ್ರಯೋಗಾಲಯ ಸುರಕ್ಷತೆ. ಬೇಡಕ್ಕ ಕಣ್ಣು ಮುಚ್ಚಿ ಒಂದು ಸಲ ಉಸಿರು ಬಿಟ್ಟರು.

ಉಳಿದವರು ಇಬ್ಬರು. ಹಿರಿಯ ಸಂಶೋಧಕ, ಎಲ್ಲದಕ್ಕೂ ನಿಮಿಷ ಲೆಕ್ಕ ಹಾಕುವ ಕಾರಣ ಗಡಿಯಾರ ಎಂದು ಹೆಸರು. ಇನ್ನೊಬ್ಬಳು ಆರು ತಿಂಗಳ ಹಿಂದೆ ಸೇರಿದ ಹೊಸಬಳು.

"ಚೀಲ ನಿಮ್ದಾ?"

"ಇರಬಹುದು," ಎಂದ ಗಡಿಯಾರ. "ಕುಕ್ಕರ್ ರೂಮಿನ ಬಾಗಿಲಲ್ಲಿ ಇಟ್ಟು ಬರ್ತೀವಿ ಮೇಡಂ. ಮುಂದಿನದ್ದು ಅವರ ಜವಾಬ್ದಾರಿ."

"ಒಳಗೆ ಯಾವ ತಳಿ?"

"ಹನ್ನೊಂದು ತಳಿ ಇವೆ. ಯಾವ ಚೀಲಕ್ಕೆ ಯಾವುದು ಅಂತ ಯಾರು ನೆನಪಿಡ್ತಾರೆ?"

"ಬರೆದಿಡಿ ಅಂತ ಪುಸ್ತಕ ಕೊಟ್ಟಿದ್ದೆ."

"ಅದು... ಕಿಟಕಿಗೆ ಒತ್ತು ಕೊಟ್ಟಿದೆ."

ಬೇಡಕ್ಕ ಕಿಟಕಿ ನೋಡಿದರು. ಪುಸ್ತಕ ಅಲ್ಲೇ ಇತ್ತು. ಖಾಲಿ.

"ನಿಮ್ಮ ಟೇಪಿನ ಸುರುಳಿ ತೋರಿಸಿ."

ಹೊಸಬಳ ಮುಖ ಸಣ್ಣದಾಯಿತು. ಒಂದು ಸುರುಳಿ ತಂದಳು. ಅದರ ಮೇಲೆ 'ಎರಡನೇ ಮಹಡಿ' ಎಂದಿತ್ತು.

"ಕದ್ದಿದ್ದಾ?"

"ಇಲ್ಲ ಮೇಡಂ, ಕೇಳಿ ತಂದಿದ್ದು. ಪ್ರತಿ ವಾರ ತರ್ತೀನಿ. ನಮ್ಮದು ಮುಗಿದಿದೆ ಅಂತ ಈ ಅಣ್ಣ ಹೇಳಿದ್ರು. ಮೂರು ತಿಂಗಳಾಯ್ತು."

ಗಡಿಯಾರ ಗೋಡೆಯ ಗಡಿಯಾರ ನೋಡಿದ.

* * *

ಕುಕ್ಕರಿನ ಪಕ್ಕದ ಯಂತ್ರ ತಾನೇ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಬೇಡಕ್ಕ ಅದನ್ನು ಬಿಡಿಸಿ ನೋಡಿದರು. ಚೀಲ ಎತ್ತುವ ಹಿಂದಿನ ದಿನ, ಮೊನ್ನೆ, ನಾಲ್ಕು ಸಲ ಬಿಸಿ ಏರಿತ್ತು, ನಲವತ್ತೈದು ನಿಮಿಷ ನಿಂತಿತ್ತು, ಇಳಿದಿತ್ತು. ಕುಕ್ಕರಣ್ಣನ ಪುಸ್ತಕದಲ್ಲೂ ನಾಲ್ಕೇ ಚೀಲ. ಅವುಗಳಲ್ಲಿ ಮೂರನೇ ಮಹಡಿಯದು ಇರಲಿಲ್ಲ.

ನಂತರ ಸ್ಟೋರಿಗೆ ಹೋದರು. ಸ್ಟೋರಿನವನು ಪೆನ್ಸಿಲ್ ಕೊಡಬೇಕಾದರೂ ಹಳೆಯದರ ಮೋಟು ಕೇಳುವ ಪುಣ್ಯಾತ್ಮ.

"ಮೂರನೇ ಮಹಡಿ ಟೇಪು ತಗೊಂಡು ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು. ಒಂದು ಸುರುಳಿ ಐದು ವಾರ ಬರುತ್ತೆ."

"ಮತ್ತೆ ಕೇಳಲಿಲ್ವಾ?"

"ಕೇಳಿದ್ರೆ ಕೊಡೋಕಾಗುತ್ತಾ? ಸುರುಳಿ ಮುಗಿದ ಮೇಲೆ ಒಳಗಿನ ರಟ್ಟಿನ ಬಳೆ ವಾಪಸ್ ಕೊಡಬೇಕು. ಮುಗಿಯೋ ಮೊದಲೇ ಸುರುಳಿ ಹಾಳಾಗಿದ್ರೆ ಮೇಷ್ಟ್ರ ಸಹಿ ಹಾಕಿಸಿ ವಿವರಣೆ ಬರೀಬೇಕು, ಮೂರು ಪ್ರತಿ. ನಿಯಮ ಅಂದ್ರೆ ನಿಯಮ."

"ಬಳೆ ಕೊಟ್ಟಿಲ್ಲ?"

"ಕೊಟ್ಟಿದ್ರೆ ಇಲ್ಲಿ ನೇತಾಡ್ತಿರ್ತಿತ್ತು," ಎಂದು ಮೊಳೆಯ ಸಾಲು ತೋರಿಸಿದ. ಮಹಡಿಗೊಂದು ಮೊಳೆ. ಮೂರನೆಯದು ಖಾಲಿ.

ಕುಕ್ಕರಿಗೆ ಚೀಲ ಮಾತ್ರವಲ್ಲ, ಕ್ರಿಮಿ ಚೆಲ್ಲಿದ ಕೋಟೂ ಹೋಗುತ್ತದೆ ಎಂಬುದು ಬೇಡಕ್ಕನಿಗೆ ಆಗ ಹೊಳೆಯಿತು. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದ ಕುಕ್ಕರಣ್ಣನ ಬಳಿ ಹೋದರು.

"ಮೂರನೇ ಮಹಡಿಯಿಂದ ಯಾವತ್ತಾದ್ರೂ ಕೋಟು ಬೇಯಿಸೋಕೆ ಬಂದಿತ್ತಾ?"

"ಬಂದಿತ್ತು. ಮೂರು ತಿಂಗಳ ಹಿಂದೆ, ಆ ಗಡಿಯಾರಪ್ಪಂದು. ಮೈಮೇಲೆ ಏನೋ ಚೆಲ್ಲಿಕೊಂಡಿದ್ರು. ಜೇಬಲ್ಲಿ ಏನಾದ್ರೂ ಇದೆಯಾ ಅಂತ ಕೇಳ್ದೆ. ಎಲ್ಲರನ್ನೂ ಕೇಳ್ತೀನಲ್ಲ. ಏನಿಲ್ಲ, ಬೇಗ ಹಾಕು ಅಂದ್ರು."

* * *

ಹನ್ನೊಂದು ಗಂಟೆಗೆ ಮೂರನೇ ಮಹಡಿಯಲ್ಲಿ ನಾಲ್ವರು ಸೇರಿದರು. ಆಡಳಿತಾಧಿಕಾರಿ ಕುಳಿತುಕೊಳ್ಳಲಿಲ್ಲ.

"ಚೀಲ ಅರ್ಧ ಬೆಂದಿದ್ದಲ್ಲ ಸಾರ್," ಎಂದರು ಬೇಡಕ್ಕ. "ಬೆಂದೇ ಇಲ್ಲ. ಗೆರೆ ಕಪ್ಪಾಗುವಷ್ಟು ಬಿಸಿ ತಾಗಿದ್ರೆ ಈ ತಟ್ಟೆಗಳು ಕರಗಿ ಒಂದಕ್ಕೊಂದು ಅಂಟಿ ಗಂಟಾಗಿರ್ತಿದ್ವು. ಇವು ಅಂಗಡಿಯಿಂದ ತಂದ ಹಾಗಿವೆ. ಚೀಲ ಸುಕ್ಕಾಗಿಲ್ಲ. ಚೀಲದ ಜೊತೆ ಬೆಂದಿದ್ರೆ ಕಚ್ಚಿಕೊಂಡಿರ್ತಿದ್ದ ಟೇಪು ಉಗುರಲ್ಲಿ ಎತ್ತಿದ್ರೆ ಬರುತ್ತೆ."

"ಗೆರೆ ಕಪ್ಪಾಗಿದೆಯಲ್ರೀ."

"ಗೆರೆ ಬೆಂದಿದೆ. ಚೀಲ ಬೆಂದಿಲ್ಲ. ಅಂದ್ರೆ ಟೇಪು ಚೀಲಕ್ಕಿಂತ ಮೊದಲೇ ಕುಕ್ಕರಿಗೆ ಹೋಗಿ ಬಂದಿದೆ. ಇಡೀ ಸುರುಳಿ." ಗಡಿಯಾರನ ಕಡೆ ತಿರುಗಿದರು. "ಕೋಟಿನ ಜೇಬಲ್ಲಿ."

ಅವನ ಕಣ್ಣು ಮೇಜಿನ ಕೆಳಗೆ ಹೋಯಿತು.

"ಸುರುಳಿ ಮುಗಿದಿದೆ ಅಂತ ಇವಳಿಗೆ ಹೇಳಿದಿರಿ. ಮುಗಿದಿದ್ರೆ ಬಳೆ ಸ್ಟೋರಿನ ಮೊಳೆ ಮೇಲಿರ್ತಿತ್ತು, ಹೊಸದು ಇಲ್ಲಿರ್ತಿತ್ತು. ಎರಡೂ ಇಲ್ಲ. ಅಂದ್ರೆ ಮುಗಿದಿಲ್ಲ. ಅದು ನಿಮ್ಮ ಹತ್ರ ಇದೆ." ಬೇಡಕ್ಕನ ದನಿ ಇಳಿಯಿತು. "ನೋಡಪ್ಪಾ, ಸುರುಳಿ ಹಾಳಾಗ್ಲಿ. ಆ ಹೆಣ್ಣುಮಗಳ ತೋಳು ಮೊಣಕೈ ದಾಟಿ ಊದಿದೆ. ಯಾವ ತಳಿ?"

ಗಡಿಯಾರ ಎದ್ದ. ಮೇಜಿನ ಕೆಳಗಿನ ಖಾನೆ ತೆರೆದು ಸುರುಳಿ ತೆಗೆದಿಟ್ಟ. ಅಂಚಿನಿಂದ ಅಂಚಿಗೆ ಕಪ್ಪು ಗೆರೆ.

"ಏಳನೇ ತಳಿ," ಎಂದ. "ಸಾಮಾನ್ಯ ಔಷಧಿಗೆ ಬಗ್ಗಲ್ಲ."

ಬೇಡಕ್ಕ ಆಗಲೇ ಫೋನು ಒತ್ತಿದ್ದರು.

"ಮೂರು ಪ್ರತಿ ಬರೀಬೇಕಿತ್ತು, ಮೇಷ್ಟ್ರ ಸಹಿ ಬೇರೆ," ಎಂದು ಅವನು ಮೇಜಿಗೆ ಹೇಳಿದ. "ನಾಚಿಕೆ ಆಯ್ತು. ಮೊದಲು ಸುಮ್ಮನೆ ಇಟ್ಟಿದ್ದೆ. ಆಮೇಲೆ ಪ್ರಬಂಧ ಒಪ್ಪಿಸೋ ದಿನ ಹತ್ರ ಬಂತು. ಕುಕ್ಕರಿನ ಸರದಿ ಒಂದೂವರೆ ಗಂಟೆ. ಒಂದು ಸಲ ಅಂಟಿಸಿ ನೇರ ಅಂಗಳದಲ್ಲಿ ಇಟ್ಟು ಬಂದೆ. ಯಾರೂ ಕೇಳಲಿಲ್ಲ."

"ಎಷ್ಟು ಸಲ?"

"ಮೂರು."

"ಅವನ ಕೀಲಿ ಕಿತ್ಕೊಂಡಾಗಲೂ ಸುಮ್ಮನಿದ್ದೆಯಲ್ಲ," ಎಂದಳು ಹೊಸಬಳು. ಅಣ್ಣ ಎನ್ನಲಿಲ್ಲ.

* * *

ಗಡಿಯಾರನನ್ನು ಪ್ರಯೋಗಾಲಯದಿಂದ ಹೊರಗಿಟ್ಟು ವಿಚಾರಣೆಗೆ ಕೂರಿಸಿದರು. ಬೇಡಕ್ಕ ವರದಿ ಬರೆದರು. ಕೊನೆಯಲ್ಲಿ ತಮ್ಮದೂ ಒಂದು ಸಾಲು ಸೇರಿಸಿದರು: ಮೂರು ಸಲವೂ ಗೆರೆಯನ್ನಷ್ಟೇ ನೋಡಿ, ಚೀಲ ನೋಡದೆ ಸಹಿ ಹಾಕಿದವಳು ನಾನು. ಬರೆದ ಮೇಲೆ ಮತ್ತೊಮ್ಮೆ ಓದಿ, ಸಹಿ ಹಾಕಿದರು.

ಔಷಧಿ ಬದಲಾಯಿತು. ನಾಲ್ಕನೆಯ ದಿನ ತೋಳಿನ ಊತ ಇಳಿಯಿತು. ತಂಗಿ ಐದೂ ಬೆರಳು ಮಡಚಿ ಬಿಚ್ಚಿದ್ದನ್ನು ಕುಕ್ಕರಣ್ಣ ಎರಡು ಸಲ ಎಣಿಸಿ ನೋಡಿ ಬಂದ.

ಮರುದಿನ ಬೆಳಿಗ್ಗೆ ಅವನು ಬೀಗ ಹಾಕಿದ ಕುಕ್ಕರ್ ರೂಮಿನ ಮುಂದೆ ನಿಂತಿದ್ದ. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆಡಳಿತಾಧಿಕಾರಿ ಸದ್ದಿಲ್ಲದೆ ಬಂದರು. ಜೇಬಿನಿಂದ ಗೊಂಚಲು ತೆಗೆದು ಅವನ ಅಂಗೈ ಮೇಲಿಟ್ಟರು.

ಕುಕ್ಕರಣ್ಣ ಒಂದೊಂದೇ ಕೀಲಿ ಸರಿಸಿ ನೋಡಿದ. ಆಮೇಲೆ ಎಲ್ಲರನ್ನೂ ಕೇಳುವ ಹಾಗೆಯೇ ಕೇಳಿದ.

"ಜೇಬಲ್ಲಿ ಇನ್ನೇನಾದ್ರೂ ಇದೆಯಾ ಸಾರ್?"

ಆಡಳಿತಾಧಿಕಾರಿ ಮತ್ತೆ ಜೇಬಿಗೆ ಕೈ ಹಾಕಿದರು. ನಾಲ್ಕಾಗಿ ಮಡಚಿದ ಅಮಾನತು ಪತ್ರ ತೆಗೆದು, ಹರಿದು ಹಾಕು ಎನ್ನುವ ಹಾಗೆ ಅದನ್ನೂ ಅವನ ಕೈಗೆ ಕೊಟ್ಟರು.