ಜಿಲೇಬಿ ಸುರುಳಿ, ಬಳೆ ಸಾಲು

ಸಿ.ಡಿ.ಯನ್ನು ಜಿಲೇಬಿಗೆ ಹೋಲಿಸಬಹುದೇ ಎಂಬ ಘನಗಂಭೀರ ಪ್ರಶ್ನೆ ಕಡೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವನ್ನು ಎರಡು ಪಕ್ಷವಾಗಿ ಒಡೆದಿತ್ತು. ಊರಲ್ಲಿ ಸಿ.ಡಿ. ಕೊಳ್ಳುವವರೇ ಇರಲಿಲ್ಲ, ಪಠ್ಯದಲ್ಲಿ ಮಾತ್ರ ಅದಿನ್ನೂ ಸತ್ತಿರಲಿಲ್ಲ.

ಹೋಲಿಸಿದವಳು ಅಲ್ಲಿ ಪಾಠ ಹೇಳುತ್ತಿದ್ದ ಯಗಟಿಯ ನಯನ. ವಿರೋಧಿಸಿದವನು ಅಜ್ಜಂಪುರದಿಂದ ಅಂದೇ ಪಾಠ ಹೇಳಲು ಬಂದಿದ್ದ ವೇಣು. ತಿಂಡಿಯ ಹೆಸರೆತ್ತಿದರೆ ಪಾಠ ಹೊಟ್ಟೆಗೆ ಹೋಗುತ್ತದೆ, ತಲೆಗಲ್ಲ ಎಂಬುದು ಅವನ ವಾದ.

ನಯನ ಬೋರ್ಡಿನ ನಡುವಿನಿಂದ ಹೊರಕ್ಕೆ ಒಂದೇ ಗೆರೆಯ ಸುರುಳಿ ಎಳೆದಳು. ಮಾಹಿತಿ ಹೀಗೆ ಒಂದೇ ದಾರಿಯಲ್ಲಿ ಒಳಗಿನಿಂದ ಹೊರಗೆ ಸಾಗುತ್ತದೆ. ಜಿಲೇಬಿಯಲ್ಲದೆ ಮತ್ತೇನು ಎಂದು ಕೇಳಿದಳು.

ವೇಣು ನಕ್ಕುಬಿಟ್ಟ.

ಅಯ್ಯೋ... ಜಗಳಗಂಟನಿಗೆ ಇಷ್ಟು ಚೆಂದದ ನಗು ಯಾಕೆ ಕೊಟ್ಟ ದೇವರು!

ತಿಂಗಳು ಕಳೆಯುವುದರಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಕೆಟ್ಟದ್ದು ಹಾರ್ಡ್ ಡಿಸ್ಕ್ ಪಾಠದ ದಿನ. ಅದರಲ್ಲಿ ಸುರುಳಿಯಿಲ್ಲ, ಒಂದರೊಳಗೊಂದು ಬಳೆಯಿಟ್ಟ ಹಾಗೆ ಬೇರೆಬೇರೆ ವೃತ್ತಗಳು. ವೇಣು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಹುರುಪಿನಲ್ಲಿ ನಯನ ಹೇಳಿದಳು:

"ಊರಲ್ಲಿ ಕೇರಿ ಬೇರೆಬೇರೆ ಇಲ್ವಾ, ಹಂಗೇ. ಒಂದು ಇನ್ನೊಂದನ್ನ ಮುಟ್ಟಂಗಿಲ್ಲ. ಮುಟ್ಟುದ್ರೆ ಎಲ್ಲಾ ಕೆಟ್ಟೋಗುತ್ತೆ."

ವೇಣುವಿನ ನಗು ಆರಿತು. 'ಮುಟ್ಟಂಗಿಲ್ಲ' ಎಂಬ ಮಾತನ್ನು ಧಿಕ್ಕರಿಸಿಯೇ ಅವನಜ್ಜ ಬೌದ್ಧನಾಗಿದ್ದ. ಮರುವಾರ ಅವನು ತರೀಕೆರೆ ಶಾಖೆಗೆ ವರ್ಗ ಕೇಳಿಕೊಂಡು ಹೋದ.

ನಯನಳಿಗೆ ತನ್ನ ಮಾತು ತನಗೇ ಕೇಳಿಸಿದ್ದು ಮನೆಯಲ್ಲಿ. ಮಗಳು ಯಾರ ಡಬ್ಬಿಯಲ್ಲಿ ಉಣ್ಣುತ್ತಿದ್ದಳೆಂಬ ಸುದ್ದಿ ಹಿಡಿದು ಅಪ್ಪ ರಂಗಪ್ಪ 'ಮುಟ್ಟಂಗಿಲ್ಲ' ಎಂಬ ಅದೇ ಪದ ಆಡಿದ.

ಛೀ... ನಾನೂ ಇದನ್ನೇ ಅಂದೆನಲ್ಲ!

"ಉಂಡಾಯ್ತಪ್ಪ," ಎಂದಳು. "ಮದುವೇನೂ ಅವನನ್ನೇ ಆಗ್ತೀನಿ. ಅವನು ಒಪ್ಪುದ್ರೆ."

ಹಾಗಾದರೆ ಹೊಸ್ತಿಲು ದಾಟು ಎಂದ ರಂಗಪ್ಪ. ಕಡೂರಿನ ಬಸ್ಸಿಗೆ ಹೊತ್ತಾಗಿತ್ತು, ಹೇಗೂ ದಾಟಲೇಬೇಕಿತ್ತು.

ತರೀಕೆರೆಯಲ್ಲಿ ವೇಣು ಬಹುವಚನಕ್ಕೆ ಮರಳಿದ್ದ. "ಕನಿಕರಕ್ಕೆ ಬಂದಿದ್ರೆ ವಾಪಸ್ ಹೋಗ್ರಿ. ನಾವು ಯಾರ ಕನಿಕರಾನೂ ಕೇಳಿಲ್ಲ."

"ತಪ್ಪು ಪಾಠ ಹೇಳಿದ್ದೆ. ಡಿಸ್ಕಲ್ಲಿ ಅದು ಕೆಲಸದ ರೀತಿ, ಊರಲ್ಲಿ ಅನ್ಯಾಯ. ಕ್ಲಾಸಲ್ಲಿ ಎಲ್ರ ಮುಂದೇನೂ ತಿದ್ದಿ ಬಂದಿದೀನಿ. ಇದೊಂದು ಮಾತ್ರ ನಿನ್ ಮುಂದೆ ಹೇಳ್ಬೇಕಿತ್ತು... ನೀನು ಬೇಕು ನಂಗೆ."

ವೇಣು ಒಂದು ಕುರ್ಚಿಯನ್ನು ಅವಳತ್ತ ಸರಿಸಿದ.

"ನಿಮ್ಮಪ್ಪ?"

"ದಾಟು ಅಂದ್ರು. ದಾಟ್ದೆ."

"ಭಯ ಆಗ್ಲಿಲ್ವೇನೇ?"

"ಆಯ್ತು. ಅದಕ್ಕೇ ಬೇಗ ಬಂದೆ ಕಣೋ."

ಅವನು ಅವಳ ಕೈ ಹಿಡಿದ.

ಮದುವೆ ತರೀಕೆರೆಯ ನೋಂದಣಿ ಕಚೇರಿಯಲ್ಲಿ ಆಯಿತು. ನಯನಳ ತಾಯಿ ಕಮಲಾಕ್ಷಮ್ಮ ಬಂದರು, ರಂಗಪ್ಪ ಬರಲಿಲ್ಲ.